ವೀರ್ಯದಲ್ಲಿ ರಕ್ತ

ವೀರ್ಯದೊಂದಿಗೆ ರಕ್ತ ಬೆರೆತು ಹೊರಬರುವ ಸ್ಥಿತಿಯನ್ನು ವೈದ್ಯಶಾಸ್ತ್ರದಲ್ಲಿ ಹೆಮಟೋಸ್ಪರ್ಮಿಯಾ ಅಥವಾ ಹೀಮೋಸ್ಪರ್ಮಿಯಾ ಎಂದು ಕರೆಯಲಾಗುತ್ತದೆ. ಇದು ಸ್ವತಃ ರೋಗವಲ್ಲ, ಒಂದು ಲಕ್ಷಣ ಮಾತ್ರ. 40 ವರ್ಷದೊಳಗಿನ ಪುರುಷರಲ್ಲಿ, ಬೇರೆ ಯಾವ ತೊಂದರೆಯೂ ಇಲ್ಲದೆ ಒಮ್ಮೆ ಕಾಣಿಸಿಕೊಂಡರೆ ಇದು ಸಾಮಾನ್ಯವಾಗಿ ಅಪಾಯಕಾರಿಯಲ್ಲ. ಬಹುಪಾಲು ತಾನಾಗಿಯೇ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಇದು ಸೋಂಕು, ಅಧಿಕ ರಕ್ತದೊತ್ತಡ ಅಥವಾ ಅಪರೂಪವಾಗಿ ಕ್ಯಾನ್ಸರ್‌ನ ಸೂಚನೆಯಾಗಿರಬಹುದು.

ರಕ್ತದ ಮೂಲ

ವೀರ್ಯದ ಹೆಚ್ಚಿನ ಭಾಗ ವೀರ್ಯಕೋಶಗಳಲ್ಲಿಯೂ ಉಳಿದುದರಲ್ಲಿ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯಲ್ಲಿಯೂ ಉತ್ಪತ್ತಿಯಾಗುತ್ತದೆ. ವೃಷಣಗಳಿಂದ ಬರುವ ವೀರ್ಯಾಣುಗಳ ಪಾಲು ಅತ್ಯಲ್ಪ. ಈ ಮಾರ್ಗದಲ್ಲಿ ಎಲ್ಲಿ ರಕ್ತನಾಳ ಒಡೆದರೂ ರಕ್ತವು ವೀರ್ಯವನ್ನು ಸೇರಬಹುದು. ಹೊಸ ರಕ್ತ ಕೆಂಪಾಗಿಯೂ, ವೀರ್ಯಕೋಶದಲ್ಲಿ ಕೆಲಕಾಲ ಉಳಿದ ಹಳೆಯ ರಕ್ತ ಕಂದು ಬಣ್ಣದಲ್ಲಿಯೂ ಕಾಣುತ್ತದೆ. ಆದುದರಿಂದ ರಕ್ತಸ್ರಾವ ನಿಂತ ಮೇಲೂ ಕೆಲವು ಸ್ಖಲನಗಳವರೆಗೆ ಕಂದು ಬಣ್ಣ ಮುಂದುವರಿಯಬಹುದು.

ಕಾರಣಗಳು

ಅನೇಕರಲ್ಲಿ ನಿಶ್ಚಿತ ಕಾರಣ ದೊರೆಯುವುದಿಲ್ಲ. ದೊರೆತಾಗ ಸಾಮಾನ್ಯವಾಗಿ ಕಂಡುಬರುವ ಕಾರಣಗಳು:

* ಪ್ರಾಸ್ಟೇಟ್ ಬಯಾಪ್ಸಿ: ಇದರ ನಂತರ ಹಲವು ವಾರಗಳವರೆಗೆ ವೀರ್ಯದಲ್ಲಿ ರಕ್ತ ಕಾಣುವುದು ನಿರೀಕ್ಷಿತವೇ. ಪುರುಷ ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಕಾಣಬಹುದು.
* ಪ್ರಾಸ್ಟೇಟ್, ವೀರ್ಯಕೋಶ ಅಥವಾ ಮೂತ್ರಮಾರ್ಗದ ಉರಿಯೂತ; ಗೊನೋರಿಯಾ, ಕ್ಲಮೈಡಿಯಾ ಮುಂತಾದ ಲೈಂಗಿಕ ಸೋಂಕುಗಳು.
* ಜನನಾಂಗ ಮತ್ತು ಮೂತ್ರಾಂಗಗಳ ಕ್ಷಯ. ಕ್ಷಯರೋಗ ವ್ಯಾಪಕವಾಗಿರುವ ಭಾರತದಂತಹ ದೇಶಗಳಲ್ಲಿ ವೈದ್ಯರು ಇದನ್ನೂ ಗಮನದಲ್ಲಿಡುತ್ತಾರೆ.
* ಪ್ರಾಸ್ಟೇಟ್ ಅಥವಾ ವೀರ್ಯಕೋಶದಲ್ಲಿನ ಕಲ್ಲು ಮತ್ತು ನೀರುಗುಳ್ಳೆಗಳು.
* ತೀವ್ರ ರಕ್ತದೊತ್ತಡ, ರಕ್ತ ಹೆಪ್ಪುಗಟ್ಟುವಿಕೆಯ ದೋಷಗಳು, ವಾರ್ಫರಿನ್‌ನಂತಹ ಔಷಧಗಳು.
* ಅಪರೂಪವಾಗಿ ಪ್ರಾಸ್ಟೇಟ್ ಅಥವಾ ವೃಷಣದ ಕ್ಯಾನ್ಸರ್.

ವೈದ್ಯರನ್ನು ಯಾವಾಗ ಕಾಣಬೇಕು

ಒಮ್ಮೆ ಮಾತ್ರ ಕಂಡಿದ್ದರೂ ವೈದ್ಯರಿಗೆ ತಿಳಿಸುವುದು ಒಳಿತು. ಕೆಳಗಿನ ಸಂದರ್ಭಗಳಲ್ಲಿ ವಿಳಂಬ ಸಲ್ಲದು:

* ವಯಸ್ಸು 40 ದಾಟಿದ್ದರೆ, ಅಥವಾ ಕುಟುಂಬದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದಿದ್ದರೆ
* ರಕ್ತ ಪದೇ ಪದೇ ಅಥವಾ ಕೆಲವು ವಾರಗಳಿಗೂ ಮೀರಿ ಕಾಣಿಸಿದರೆ
* ಮೂತ್ರದಲ್ಲಿಯೂ ರಕ್ತವಿದ್ದರೆ. ಮೂತ್ರ ವಿಸರ್ಜನೆ ಅಥವಾ ಸ್ಖಲನದ ವೇಳೆ ಉರಿ, ನೋವು ಇದ್ದರೆ
* ವೃಷಣದಲ್ಲಿ ಗಂಟು ಅಥವಾ ಊತ ಕಂಡರೆ
* ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ

ಮೂತ್ರ ಕಟ್ಟಿಕೊಂಡರೆ, ಅಥವಾ ಬಯಾಪ್ಸಿಯ ನಂತರ ಚಳಿಜ್ವರ ಬಂದರೆ, ಅದು ತುರ್ತು ಸ್ಥಿತಿ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆ

ರಕ್ತವು ಸಂಗಾತಿಯದ್ದಾಗಿರುವ ಸಾಧ್ಯತೆಯೂ ಉಂಟು; ಕಾಂಡೋಮ್ ಬಳಸಿ ವೀರ್ಯವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ವೈದ್ಯರು ರಕ್ತದೊತ್ತಡವನ್ನು ಅಳೆದು, ಜನನಾಂಗವನ್ನೂ ಗುದದ್ವಾರದ ಮೂಲಕ ಪ್ರಾಸ್ಟೇಟ್ ಗ್ರಂಥಿಯನ್ನೂ ಪರೀಕ್ಷಿಸುತ್ತಾರೆ. ಮೂತ್ರ ಪರೀಕ್ಷೆ ಹಾಗೂ ಅಗತ್ಯವಿದ್ದರೆ ಲೈಂಗಿಕ ಸೋಂಕುಗಳ ಪರೀಕ್ಷೆ ನಡೆಯುತ್ತದೆ. ವಯಸ್ಸಾದವರಲ್ಲಿ ಪಿಎಸ್‌ಎ ಎಂಬ ರಕ್ತಪರೀಕ್ಷೆಯನ್ನೂ ಮಾಡಲಾಗುತ್ತದೆ. ಸೋಂಕಿನಿಂದಲೂ ಪಿಎಸ್‌ಎ ಏರುವುದರಿಂದ, ಅದು ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸುವಂತಿಲ್ಲ. ಲಕ್ಷಣ ಮುಂದುವರಿದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಸ್ಕ್ಯಾನ್ ನೆರವಾಗುತ್ತದೆ.

ಚಿಕಿತ್ಸೆ

ಚಿಕಿತ್ಸೆಯು ಕಾರಣವನ್ನು ಅವಲಂಬಿಸಿರುತ್ತದೆ. ಬ್ಯಾಕ್ಟೀರಿಯಾ ಸೋಂಕಿಗೆ ಪ್ರತಿಜೈವಿಕಗಳನ್ನು ನೀಡುತ್ತಾರೆ. ಲೈಂಗಿಕ ಸೋಂಕಾದರೆ ಸಂಗಾತಿಗೂ ಚಿಕಿತ್ಸೆ ಅಗತ್ಯ. ಕಾರಣ ದೊರೆಯದೆ, ಪರೀಕ್ಷೆಗಳು ಸಹಜವಾಗಿದ್ದರೆ, ಕಾದು ನೋಡುವುದೇ ಸಾಕಾಗುತ್ತದೆ. ರಕ್ತ ತೆಳುವಾಗಿಸುವ ಔಷಧಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ವೀರ್ಯನಷ್ಟದಿಂದ ಶಕ್ತಿ ಕುಂದುತ್ತದೆಂಬ ನಂಬಿಕೆ ಹಾಗೂ ಸಂಕೋಚದಿಂದಾಗಿ ಕೆಲವರು ಈ ಲಕ್ಷಣವನ್ನು ಮುಚ್ಚಿಟ್ಟು, ಜಾಹೀರಾತಿನ ಔಷಧಗಳ ಮೊರೆಹೋಗುತ್ತಾರೆ. ಇದರಿಂದ ಗುಣಪಡಿಸಬಹುದಾದ ಸೋಂಕು ಉಲ್ಬಣಿಸಬಹುದು, ಅಪರೂಪದ ಕ್ಯಾನ್ಸರ್ ತಡವಾಗಿ ಪತ್ತೆಯಾಗಬಹುದು.