ಸಣ್ಣ ರೈಫಲಿಗೆ ತಕ್ಕ ದುರ್ಬೀನು

ಕೊಡಗಿನ ವೀರಾಜಪೇಟೆಯ ಕಡೆ ನಮ್ಮ ಮಿತ್ರರೊಬ್ಬರಿದ್ದಾರೆ. ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಅವರು ಬಂದು ನಿಂತರೆಂದರೆ, ಉಳಿದವರು ಎರಡನೆಯ ಬಹುಮಾನಕ್ಕೆ ಮಾತ್ರ ಆಸೆಪಡುತ್ತಿದ್ದ ಕಾಲವೊಂದಿತ್ತು. ಅರುವತ್ತು ದಾಟಿದ ಮೇಲೆ ರೈಫಲಿನ ಹಿಂಗುರಿ, ಮುಂಗುರಿ, ಎದುರಿನ ಕಾಯಿ, ಈ ಮೂರೂ ಒಟ್ಟಿಗೆ ಅವರ ಕಣ್ಣಿಗೆ ನಿಲ್ಲದಾದುವು. ಇದು ವಯೋಧರ್ಮ. ಕಣ್ಣಿನೊಳಗಿನ ಮಸೂರವು ಗಡುಸಾದಂತೆಲ್ಲ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದನ್ನು ಕಂಡ ಮಗನು ರೈಫಲಿನ ಮೇಲೆ ಕೂರಿಸತಕ್ಕ ದುರ್ಬೀನೊಂದನ್ನು ತರಿಸಿಕೊಟ್ಟನು. ಒಂಬತ್ತು ಪಾಲು ದೊಡ್ಡದಾಗಿ ತೋರಿಸುವಂಥದು, ನೋಡುವುದಕ್ಕೂ ಭರ್ಜರಿಯಾಗಿತ್ತು. ಆದರೆ ಮಣ್ಣಿನ ದಿಬ್ಬದ ಮುಂದೆ ಐವತ್ತು ಗಜದಲ್ಲಿ ನಿಲ್ಲಿಸಿದ ಕಾಗದದ ಮೇಲೆ ಗುಂಡುಗಳು ಚೆಲ್ಲಾಪಿಲ್ಲಿಯಾದುವು. “ಕಣ್ಣಷ್ಟೇ ಹೋಯಿತೆಂದುಕೊಂಡಿದ್ದೆ, ಕೈಯೂ ಹೋಯಿತು” ಎಂದು ಆ ಹಿರಿಯರು ಕೋವಿಯನ್ನು ಕೈಬಿಡುವ ಹವಣಿಕೆಯಲ್ಲಿದ್ದರು. ದೋಷವು ಅವರ ಕೈಯದಾಗಿರಲಿಲ್ಲ.

ಮನೆಗಳಲ್ಲಿಯೂ ಸಂಘಗಳಲ್ಲಿಯೂ ‘ಪಾಯಿಂಟ್ ಟೂ ಟೂ’ ಎಂದು ಕರೆಯುವ ರೈಫಲು ಬಲು ಸೌಮ್ಯವಾದುದು. ಅದರ ತೋಟಾದ ಬುಡದಂಚಿನೊಳಗೇ ಸಿಡಿಮದ್ದು ಇರುತ್ತದೆ. ಅಂಚಿಗೆ ಪೆಟ್ಟು ಬಿದ್ದೊಡನೆ ಗುಂಡು ಹಾರುವುದು. ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿರುವ ‘ಲಾಂಗ್ ರೈಫಲ್’ ತೋಟಾವು ೧೮೮೭ರಲ್ಲಿ ಅಮೆರಿಕೆಯಲ್ಲಿ ಹೊರಟಿತು. ಹೆಗಲಿಗೆ ಒದೆತವಿಲ್ಲ, ಸದ್ದೂ ಕಡಮೆ. ಇಷ್ಟು ಸಾಧುವಾದ ರೈಫಲಿಗೆ ಯಾವ ದುರ್ಬೀನಾದರೂ ಸಾಕೆಂದು ಜನರು ತಿಳಿಯುತ್ತಾರೆ. ಅಂಗಡಿಯವರೂ ಹಾಗೆಯೇ ಹೇಳುತ್ತಾರೆ. ಮೋಸವಾಗುವುದು ಅಲ್ಲಿಯೇ. ದೊಡ್ಡ ರೈಫಲುಗಳು ನೂರು ಇನ್ನೂರು ಗಜದ ಕೆಲಸಕ್ಕೆ ಹುಟ್ಟಿದವು. ಇದಾದರೋ ಇಪ್ಪತ್ತೈದರಿಂದ ಐವತ್ತು ಗಜದೊಳಗೆ ದುಡಿಯತಕ್ಕದ್ದು. ಒಂದಕ್ಕೆ ಮಾಡಿದ ದುರ್ಬೀನು ಇನ್ನೊಂದಕ್ಕೆ ಒಗ್ಗದು.

ಕಾರಣವನ್ನು ತಿಳಿಯಲು ವಾಚಕರು ತಮ್ಮ ಮನೆಯ ಕಿಟಕಿಯ ಬಳಿ ನಿಂತರೆ ಸಾಕು. ಒಂದು ಕಣ್ಣು ಮುಚ್ಚಿ ಕಿಟಕಿಯ ಸರಳನ್ನು ಹೊರಗಿನ ಮರದ ಕಾಂಡಕ್ಕೆ ಸರಿಯಾಗಿ ಹೊಂದಿಸಿ ತಲೆಯನ್ನು ಎರಡಂಗುಲ ಸರಿಸಿರಿ. ಸರಳು ಕಾಂಡವನ್ನು ಬಿಟ್ಟು ಓಡುತ್ತದೆ. ಅದೇ ಕಾಂಡದ ಮೇಲೆ ಸುಣ್ಣದ ಗೆರೆ ಎಳೆದಿದ್ದರೆ ತಲೆಯನ್ನು ಎತ್ತ ಸರಿಸಿದರೂ ಗೆರೆಯು ಕದಲದು. ದುರ್ಬೀನಿನ ಮುಂದಿನ ಗಾಜು ಗುರಿಯ ಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಗುರಿಯಿಡುವ ಅಡ್ಡ ಉದ್ದದ ಗೆರೆಗಳೂ ಕೊಳವೆಯೊಳಗೇ ಇವೆ. ಬಿಂಬವು ಗೆರೆಗಳ ಮೇಲೆಯೇ ಬಿದ್ದರೆ ಅದು ಸುಣ್ಣದ ಗೆರೆಯಂತೆ. ಹಿಂದೆ ಮುಂದೆ ಬಿದ್ದರೆ ಕಿಟಕಿಯ ಸರಳಿನಂತೆ. ಈ ದೋಷಕ್ಕೆ ಪ್ಯಾರಲಾಕ್ಸ್ ಎಂದು ಹೆಸರು. ಗುರಿಯ ದೂರ ಬದಲಾದರೆ ಬಿಂಬದ ಸ್ಥಾನವೂ ಬದಲಾಗುವುದರಿಂದ, ತಯಾರಕರು ಯಾವುದಾದರೂ ಒಂದು ದೂರವನ್ನು ಆರಿಸಿ ಅದಕ್ಕೆ ಸರಿಹೊಂದಿಸಿಡುತ್ತಾರೆ. ದೊಡ್ಡ ರೈಫಲಿನದಕ್ಕೆ ಸಾಮಾನ್ಯವಾಗಿ ನೂರು ಗಜ ಅಥವಾ ಅದಕ್ಕೂ ಹೆಚ್ಚು. ಸಣ್ಣ ರೈಫಲಿಗೆಂದೇ ಮಾಡಿದವಕ್ಕೆ ಐವತ್ತು ಗಜದ ಸುಮಾರು.

ನೂರು ಗಜಕ್ಕೆ ಹೊಂದಿಸಿದ, ೪೦ ಮಿಲಿಮೀಟರ್ ಅಗಲದ ಮುಂಗಾಜಿನ ದುರ್ಬೀನಿನಲ್ಲಿ ಐವತ್ತು ಗಜದ ಗುರಿಯನ್ನು ನೋಡಿದರೆ, ಕಣ್ಣು ತೀರ ಅಂಚಿಗೆ ಸರಿದಾಗ ೧೦ ಮಿಲಿಮೀಟರ್ ತಪ್ಪು ಬೀಳಬಹುದು. ಇಪ್ಪತ್ತೈದು ಗಜದಲ್ಲಿ ೧೫. ಅತ್ತ ಹತ್ತು, ಇತ್ತ ಹತ್ತು. ಐವತ್ತು ಮೀಟರಿನ ಅಂತರರಾಷ್ಟ್ರೀಯ ಗುರಿಹಲಗೆಯಲ್ಲಿ ಹತ್ತು ಅಂಕದ ನಡುಬಳೆಯ ಅಡ್ಡಳತೆಯೇ ೧೦.೪ ಮಿಲಿಮೀಟರ್ ಎಂಬುದನ್ನು ನೆನೆದರೆ ಈ ತಪ್ಪಿನ ಗಾತ್ರ ಮನದಟ್ಟಾಗುವುದು. ತೆಂಗಿನಕಾಯಿಗೆ ಇದು ಲೆಕ್ಕಕ್ಕಿಲ್ಲ, ಕಾಗದಕ್ಕೆ ಸರ್ವನಾಶ. ನಮ್ಮ ಮಿತ್ರರ ಕೆನ್ನೆ ಮರದ ಹಿಡಿಯ ಮೇಲೆ ಪ್ರತಿಸಲವೂ ಒಂದೇ ಕಡೆ ಕೂರುತ್ತಿರಲಿಲ್ಲ, ಅಷ್ಟೆ.

ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ದುರ್ಬೀನನ್ನು ಮರಳಿನ ಚೀಲಗಳ ನಡುವೆ ಅಲುಗದಂತೆ ಇಟ್ಟು, ನೀವು ಹೊಡೆಯುವ ದೂರದಲ್ಲಿರುವ ಯಾವುದಾದರೂ ಬೋರ್ಡಿನ ಅಕ್ಷರಕ್ಕೆ ಗೆರೆಗಳನ್ನು ಕೂಡಿಸಿರಿ. ಕೈ ತಾಗಿಸದೆ ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಆಡಿಸಿರಿ. ಗೆರೆಯು ಅಕ್ಷರದ ಮೇಲೆ ಈಜಾಡಿದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳಿರಿ. ದೂರಕ್ಕೆ ತಕ್ಕಂತೆ ತಿರುಗಿಸಿಕೊಳ್ಳುವ ಬಳೆಯುಳ್ಳವು ಇನ್ನೂ ಉತ್ತಮ. ಬೆಲೆಯೂ ಅದಕ್ಕೆ ತಕ್ಕಂತೆಯೇ.

ದೊಡ್ಡದಾಗಿ ತೋರಿಸುವುದೇ ದೊಡ್ಡ ಗುಣವೆಂಬ ಭ್ರಾಂತಿ ಬಹಳ ಮಂದಿಗಿದೆ. ಮುಂಗಾಜಿನ ಅಗಲವನ್ನು ಹಿಗ್ಗಿಸುವ ಪಾಲಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬಿಯ ದಪ್ಪ ದೊರೆಯುತ್ತದೆ. ೩೨ ಮಿಲಿಮೀಟರಿನ ಗಾಜು ನಾಲ್ಕು ಪಾಲು ಹಿಗ್ಗಿಸಿದರೆ ಅದು ೮ ಮಿಲಿಮೀಟರ್, ಒಂಬತ್ತು ಪಾಲಾದರೆ ಮೂರೂವರೆ. ದಪ್ಪ ಕಂಬಿಗೆ ಕಣ್ಣು ಸುಲಭವಾಗಿ ಸಿಕ್ಕುತ್ತದೆ. ಸಣ್ಣದಕ್ಕೆ ತಲೆಯನ್ನು ಹುಡುಕಾಡಿಸಬೇಕು. ಐವತ್ತು ಗಜಕ್ಕೆ ನಾಲ್ಕು ಪಾಲು ಧಾರಾಳವಾಗಿ ಸಾಕೆಂಬುದು ನಮ್ಮ ಮತ.

ಗಾಜಿನ ಲೇಪದ ವಿಷಯ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ನೂರಕ್ಕೆ ಸುಮಾರು ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈ ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಸೋರಿಹೋಗುತ್ತದೆ. ೧೯೩೫ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಾಕುಲಾ ಎಂಬವರು ಇದಕ್ಕೆ ತೆಳುಲೇಪದ ಉಪಾಯವನ್ನು ಕಂಡುಹಿಡಿದರು. ಈಗ ಡಬ್ಬಿಯ ಮೇಲೆ ‘ಕೋಟೆಡ್’ ಎಂದು ಮಾತ್ರ ಇದ್ದರೆ ಒಂದೆರಡು ಮೈಗೆ ಬಳಿದಿರಬಹುದು. ‘ಫುಲ್ಲಿ ಮಲ್ಟಿಕೋಟೆಡ್’ ಎಂದಿದ್ದರೆ ಗಾಳಿ ತಾಕುವ ಎಲ್ಲ ಮೈಗಳಿಗೂ ಹಲವು ಪದರವಿದೆಯೆಂದು ಅರ್ಥ. ಮಲೆನಾಡಿನವರು ಒಳಗಿನ ಗಾಳಿಯನ್ನು ತೆಗೆದು ಸಾರಜನಕ ತುಂಬಿ ಮುಚ್ಚಿದ್ದನ್ನೇ ಕೊಳ್ಳಬೇಕು. ಇಲ್ಲವಾದರೆ ಜಡಿಮಳೆಯ ತಿಂಗಳುಗಳಲ್ಲಿ ಗಾಜಿನ ಒಳಮೈ ಮಂಜುಗಟ್ಟಿ, ಕೊನೆಗೆ ಬೂಷ್ಟು ಹಿಡಿಯುತ್ತದೆ.

ತಂದ ಮೇಲೂ ಒಂದು ಪರೀಕ್ಷೆಯುಂಟು. ಗುಂಡು ಹೊಡೆದು, ತಿರುಪುಗಳನ್ನು ಮೇಲಕ್ಕೆ ಇಪ್ಪತ್ತು ‘ಟಿಕ್’, ಬಲಕ್ಕೆ ಇಪ್ಪತ್ತು, ಕೆಳಕ್ಕೆ ಇಪ್ಪತ್ತು, ಎಡಕ್ಕೆ ಇಪ್ಪತ್ತು ತಿರುಗಿಸುತ್ತ, ಪ್ರತಿಸಲವೂ ಅದೇ ಬಿಂದುವಿಗೆ ಗುರಿಯಿಟ್ಟು ಹೊಡೆಯಿರಿ. ಕೊನೆಯ ಗುಂಡು ಮೊದಲನೆಯ ತೂತಿನ ಬಳಿಗೇ ಬರಬೇಕು. ಬಾರದಿದ್ದರೆ ಮೊದಲು ಹಿಡಿಬಳೆಗಳ ತಿರುಪನ್ನು ನೋಡಿರಿ; ದುರ್ಬೀನಿನ ಮೇಲೆ ಹೊರಿಸುವ ಅಪವಾದಗಳಲ್ಲಿ ಎಷ್ಟೋ ಅಲ್ಲಿಯೇ ತೀರುತ್ತವೆ. ಸ್ಪ್ರಿಂಗಿನ ಗಾಳಿಕೋವಿಗೆ ಮಾತ್ರ ಈ ದುರ್ಬೀನನ್ನು ತಂದು ಕೂರಿಸಬಾರದು. ಆ ಕೋವಿ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುವುದರಿಂದ, ಅದಕ್ಕೆಂದು ಮಾಡದ ದುರ್ಬೀನಿನೊಳಗಿನ ಗೆರೆ ಗಾಜುಗಳು ಸಡಿಲವಾಗಿಬಿಡುತ್ತವೆ.

ಪಂದ್ಯಕ್ಕೆ ಹೋಗುವವರು ಅಲ್ಲಿ ದುರ್ಬೀನಿಗೆ ಎಡೆಯುಂಟೇ ಎಂದು ಮೊದಲೇ ಕೇಳಿಕೊಳ್ಳಲಿ. ಒಲಿಂಪಿಕ್ ಪಂದ್ಯದಲ್ಲಿ ಅದು ನಿಷಿದ್ಧ. ೨೦೨೪ರಲ್ಲಿ ಪ್ಯಾರಿಸ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ಇದೇ ಜಾತಿಯ ರೈಫಲಿನಿಂದ ಕಂಚನ್ನು ಗೆದ್ದುದು ಹಿಗ್ಗಿಸದ ಬರಿಯ ಕಿರುರಂಧ್ರದ ಗುರಿಯಿಂದ. ಬೇಟೆಯ ಮಾತನ್ನು ಯಾರೂ ಎತ್ತದಿರಲಿ. ೧೯೭೨ರ ವನ್ಯಜೀವಿ ಕಾಯಿದೆ ಅದನ್ನು ಮುಗಿಸಿದೆ. ಇನ್ನು ರೈಫಲಿನ ಮೇಲಿರುವ ದುರ್ಬೀನಿನಿಂದ ಗದ್ದೆಯಾಚೆ ಬರುತ್ತಿರುವ ನೆಂಟರಾರೆಂದು ನೋಡುವ ಹುಡುಗರಿದ್ದಾರೆ. ದುರ್ಬೀನು ಎತ್ತ ನೋಡುವುದೋ ನಳಿಗೆಯೂ ಅತ್ತಲೇ ನೋಡುತ್ತದೆ; ಆ ಸಣ್ಣ ಗುಂಡು ಒಂದು ಮೈಲಿಗಿಂತಲೂ ಆಚೆ ಹೋಗಬಲ್ಲದು. ಇಂತಹ ಹುಡುಗರ ಕೈಯಿಂದ ಕೋವಿಯನ್ನು ಆ ಗಳಿಗೆಯಲ್ಲಿಯೇ ತೆಗೆದುಕೊಳ್ಳತಕ್ಕದ್ದು.

ನಮ್ಮ ಮಿತ್ರರು ಒಂಬತ್ತು ಪಾಲಿನದನ್ನು ಹಿಂದಿರುಗಿಸಿ, ಐವತ್ತು ಗಜಕ್ಕೆ ಹೊಂದಿಸಿದ ನಾಲ್ಕು ಪಾಲಿನದನ್ನು ತಂದರು. ಮೊದಲ ದಿನ ಹೊಡೆದ ಐದು ತೂತುಗಳನ್ನೂ ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಾಗಿತ್ತು. ಆ ಕಾಗದವನ್ನು ಅವರು ಪಡಸಾಲೆಯ ಗೋಡೆಗೆ ಅಂಟಿಸಿದ್ದಾರೆ. ಕೈ ಹೋಯಿತೆಂಬ ಮಾತು ಈಗ ಇಲ್ಲ. ದೂರೆಲ್ಲವೂ ತೋಟಾಗಳ ಬೆಲೆಯ ಮೇಲೆ ತಿರುಗಿದೆ.