ಎರಡಡಿ ಆಳದ ಅಕ್ವೇರಿಯಂ ಟ್ಯಾಂಕಿಗೆ ಎಂಥ ಲೈಟ್?

ಮೇಲಿಂದ ನೋಡಿದರೆ ಟ್ಯಾಂಕ್ ಝಗಝಗ. ಆದರೆ ತಳದಲ್ಲಿರುವ ರೋಟಾಲಾ ಗಿಡ ನೋಡಿ: ಕೆಳಗಿನ ಎಲೆಗಳು ಉದುರಿವೆ, ಗೆಣ್ಣಿಗೂ ಗೆಣ್ಣಿಗೂ ಅಂತರ ಜಾಸ್ತಿಯಾಗಿ ಕಾಂಡ ಸೊರಗಿ ಉದ್ದವಾಗಿದೆ. ಅಲ್ಲಿಗೆ ಬೆಳಕು ಮುಟ್ಟುತ್ತಿಲ್ಲ.

24 ಇಂಚು ಇಳಿಯುವಷ್ಟರಲ್ಲಿ ಬೆಳಕು ಹರಡಿಕೊಂಡು ತೆಳುವಾಗುತ್ತದೆ. ಒಂದಿಷ್ಟನ್ನು, ಅದರಲ್ಲೂ ಕೆಂಪನ್ನು, ನೀರೇ ಹೀರುತ್ತದೆ. ಡ್ರಿಫ್ಟ್‌ವುಡ್ ಬಣ್ಣ ಬಿಟ್ಟು ನೀರು ಟೀ ಡಿಕಾಕ್ಷನ್ ಥರ ಆಗಿದ್ದರೆ ಇನ್ನೂ ಕಷ್ಟ.

ಅಂಗಡಿಯಲ್ಲಿ ವ್ಯಾಟ್ ಕೇಳಬೇಡಿ, ಆ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು. ಲ್ಯೂಮೆನ್ ಅನ್ನೋದು ನಮ್ಮ ಕಣ್ಣಿಗೆ ಹೊಂದಿಸಿದ ಅಳತೆ, ಗಿಡಕ್ಕಲ್ಲ. ಕೇಳಬೇಕಾದ್ದು ಪಾರ್, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು. ಅದೂ ದೀಪದ ಬುಡದಲ್ಲಲ್ಲ, 24 ಇಂಚು ಆಳದಲ್ಲಿ ಎಷ್ಟು ಅಂತ. ತಳದಲ್ಲಿ 30ರ ಆಸುಪಾಸು ಸಿಕ್ಕರೆ ಕ್ರಿಪ್ಟೊಕೊರೈನ್ ಆರಾಮಾಗಿ ಬೆಳೆಯುತ್ತದೆ. ಕೆಂಪೆಲೆ ಗಿಡಗಳಿಗೆ 50 ದಾಟಿದರೆ ಒಳ್ಳೆಯದು. ಜೊತೆಗೆ ಕಾರ್ಬನ್ ಡೈಆಕ್ಸೈಡನ್ನೂ ಕೊಡಿ, ಇಲ್ಲದಿದ್ದರೆ ಪಾಚಿ ಮುತ್ತಿಕೊಳ್ಳುತ್ತದೆ.

ಎಲ್‌ಇಡಿಯ ಲೆನ್ಸ್ ಕೋನ ನೋಡಿ. 120 ಡಿಗ್ರಿಯದು ಅಗಲಕ್ಕೆ ಚೆಲ್ಲುತ್ತದೆ, 60ರಿಂದ 90 ಡಿಗ್ರಿಯದು ಆಳಕ್ಕೆ ಇಳಿಯುತ್ತದೆ. ಒಂದೇ ದೊಡ್ಡ ದೀಪಕ್ಕಿಂತ ಎರಡು ಸಾಲು ದೀಪವೇ ನನಗೆ ಇಷ್ಟ, ನೆರಳು ಕಡಿಮೆ ಬೀಳುತ್ತದೆ.

ಹೊಸ ಲೈಟಿಗೆ ಈಗ ದುಡ್ಡಿಲ್ಲವೇ? ಅನುಬಿಯಾಸ್, ಜಾವಾ ಫರ್ನ್‌ಗಳನ್ನು ಮರದ ತುಂಡಿಗೆ ಕಟ್ಟಿ ಎತ್ತರದಲ್ಲಿಡಿ. ಹಿಂಬದಿಗೆ ವ್ಯಾಲಿಸ್ನೇರಿಯಾ ನೆಡಿ, ಅದರ ಉದ್ದನೆಯ ಎಲೆಗಳು ತಾವೇ ಬೆಳಕಿನತ್ತ ಏರುತ್ತವೆ. ಬೋರ್‌ವೆಲ್ ನೀರಾದರೆ ಮುಚ್ಚಳದ ಗಾಜಿಗೆ ಬಿಳಿ ಪೊರೆ ಕಟ್ಟಿ ಬೆಳಕು ತಡೆಯುತ್ತದೆ, ವಾರಕ್ಕೊಮ್ಮೆ ಒರೆಸಿ.

ಟೈಮರ್ ಹಾಕಿ. ದಿನಕ್ಕೆ 6 ಗಂಟೆಯಿಂದ ಶುರುಮಾಡಿ, 8 ಗಂಟೆಗಿಂತ ಹೆಚ್ಚು ಬೇಡ.