ಬೇಲಿಯೇ ಹೊಲ ಮೇಯ್ದಾಗ

ಮನೆಯ ಕಂಪ್ಯೂಟರು ಇಂದು ಸಂಸಾರದ ಒಂದು ಅಂಗವೇ ಆಗಿಬಿಟ್ಟಿದೆ. ಬ್ಯಾಂಕಿನ ಲೆಕ್ಕ, ಮಕ್ಕಳ ಪಾಠ, ಮದುವೆಯ ಭಾವಚಿತ್ರಗಳು, ಪರದೇಶದಲ್ಲಿರುವ ಮಗಳ ಪತ್ರಗಳು ಎಲ್ಲಕ್ಕೂ ಅದೇ ಆಶ್ರಯ. ಹಿಂದೆ ಹಿರಿಯರು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ವಸ್ತುಗಳೆಲ್ಲ ಈಗ ಅದರೊಳಗೆ ಸೇರಿವೆ. ಇಂಥ ಪೆಟ್ಟಿಗೆಗೆ ಕಾವಲು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಕಾವಲುಗಾರರಿಗೂ ಕೊರತೆಯಿಲ್ಲ; ಸಂಬಳ ಕೇಳದೆ ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲುವವರು ಹಲವರುಂಟು. ಅವರಲ್ಲಿ ಯಾರನ್ನು ನಂಬಬೇಕು ಎಂಬುದೇ ಗೃಹಸ್ಥನ ಮುಂದಿರುವ ಪ್ರಶ್ನೆ.

ಶತ್ರುಗಳಲ್ಲಿ ಎರಡು ಬಗೆ

ಮೊದಲನೆಯದು ವೈರಸ್. ರೋಗಾಣುವಿನಂತೆ ಇದೂ ಒಂದು ಆಶ್ರಯವನ್ನು ಹೊಕ್ಕು, ತನ್ನ ಪ್ರತಿಗಳನ್ನು ತಾನೇ ಬೆಳೆಸಿಕೊಂಡು, ಇನ್ನೊಂದಕ್ಕೆ ಹರಡುವ ತಂತ್ರಾಂಶ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು, ತಾವು ರಚಿಸಿದ ವೈದ್ಯಕೀಯ ತಂತ್ರಾಂಶವನ್ನು ಜನ ಹಣ ಕೊಡದೆ ನಕಲು ಮಾಡುತ್ತಿದ್ದಾರೆಂಬ ಕಾರಣಕ್ಕೆ ‘ಬ್ರೇನ್’ ಎಂಬ ವೈರಸ್ಸನ್ನು ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ದೂರವಾಣಿಯ ಸಂಖ್ಯೆಗಳನ್ನೂ ಸೇರಿಸಿದ್ದರು! ಫ್ಲಾಪಿಗಳ ಮೂಲಕ ಅದು ಕಡಲನ್ನೂ ದಾಟಿತು. ಅಂದಿನ ಕಿಡಿಗೇಡಿತನದಲ್ಲಿ ಅಷ್ಟಾದರೂ ಮುಗ್ಧತೆಯಿತ್ತು. ಇಂದಿನ ದುಷ್ಕರ್ಮಿ ತನ್ನ ಹೆಸರು ಹೇಳುವುದಿಲ್ಲ; ಹಣವನ್ನು ಮಾತ್ರ ಕೇಳುತ್ತಾನೆ.

ಎರಡನೆಯದು ಗೂಢಚಾರ ತಂತ್ರಾಂಶ. ಸ್ಪೈವೇರ್ ಎಂದು ಅದಕ್ಕೆ ರೂಢಿಯ ಹೆಸರು. ಇದು ಗದ್ದಲ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ಕುಳಿತು, ಯಜಮಾನನು ಒತ್ತಿದ ಅಕ್ಷರಗಳನ್ನು, ನೋಡಿದ ಪುಟಗಳನ್ನು, ಪಾಸ್‌ವರ್ಡುಗಳನ್ನು ಬರೆದುಕೊಂಡು ದೂರದ ಒಡೆಯನಿಗೆ ಕಳುಹಿಸುತ್ತದೆ. ಇದು ಕನ್ನ ಕೊರೆದೇ ಬರಬೇಕೆಂದಿಲ್ಲ. ಪುಕ್ಕಟೆಯಾಗಿ ದೊರೆತ ಆಟದ ಅಥವಾ ಹಾಡಿನ ತಂತ್ರಾಂಶದ ಬೆನ್ನಿಗೆ ಅಂಟಿಕೊಂಡು, ಕರಾರನ್ನು ಓದದೆಯೇ ‘ಒಪ್ಪಿದೆ’ ಎಂದು ಒತ್ತಿದವನ ಅನುಮತಿಯಿಂದಲೇ ಒಳಗೆ ಬರುವುದುಂಟು.

ಹಿಂದೆ ಈ ಇಬ್ಬರಿಗೂ ಬೇರೆ ಬೇರೆ ಕಾವಲುಗಾರರು ಬೇಕಾಗುತ್ತಿದ್ದರು. ಈಗ ಸಾಮಾನ್ಯವಾಗಿ ಒಬ್ಬನೇ ಎರಡು ಕೆಲಸವನ್ನೂ ಮಾಡುತ್ತಾನೆ. ಅವನ ರೀತಿ ಎರಡು. ಠಾಣೆಯ ಗೋಡೆಯಲ್ಲಿ ತೂಗುಹಾಕಿದ ಹಳೆಯ ಕಳ್ಳರ ಭಾವಚಿತ್ರಗಳೊಡನೆ ದಾರಿಹೋಕರ ಮುಖವನ್ನು ಹೋಲಿಸುವಂತೆ, ಪ್ರತಿಯೊಂದು ಕಡತವನ್ನೂ ತನ್ನ ಪಟ್ಟಿಯಲ್ಲಿರುವ ಗುರುತುಗಳೊಡನೆ ಹೋಲಿಸುವುದು ಒಂದು. ಮುಖ ಹೊಸದಾದರೂ ನಡತೆ ಸಂಶಯಾಸ್ಪದವಾದರೆ ಹಿಡಿದು ನಿಲ್ಲಿಸುವುದು ಇನ್ನೊಂದು. ಈ ಕೆಲಸಕ್ಕಾಗಿ ಮನೆಯ ಎಲ್ಲ ಕೋಣೆಗಳ ಬೀಗದ ಕೈಗಳನ್ನೂ ಅವನಿಗೆ ಒಪ್ಪಿಸಬೇಕಾಗುತ್ತದೆ. ಅಪಾಯದ ಬೇರು ಇರುವುದು ಇಲ್ಲಿಯೇ.

ಪುಕ್ಕಟೆಯ ಮರ್ಮ

ಪ್ರಾಗ್ ನಗರದಲ್ಲಿ ಹುಟ್ಟಿದ ಅವಾಸ್ಟ್ ಎಂಬ ಸಂಸ್ಥೆಯ ವೈರಸ್ ನಿರೋಧಕ ತಂತ್ರಾಂಶವನ್ನು ಜಗತ್ತಿನ ಕೋಟ್ಯಂತರ ಜನ ಪುಕ್ಕಟೆಯಾಗಿ ಪಡೆದು ನೆಮ್ಮದಿಯಿಂದಿದ್ದರು. ಬಳಕೆದಾರರ ಬೆನ್ನು ಹತ್ತುವ ಗೂಢಚಾರರನ್ನು ತಡೆಯುತ್ತೇವೆಂಬುದು ಆ ಸಂಸ್ಥೆಯ ಭರವಸೆಯಾಗಿತ್ತು. 2020ರ ಜನವರಿಯಲ್ಲಿ ಪತ್ರಕರ್ತರು ಬೇರೆಯೇ ಸಂಗತಿಯನ್ನು ಬಯಲಿಗೆಳೆದರು. ಬಳಕೆದಾರರು ಅಂತರ್ಜಾಲದಲ್ಲಿ ಎಲ್ಲೆಲ್ಲಿ ಸಂಚರಿಸಿದರೆಂಬ ವಿವರಗಳು ಅದೇ ಸಂಸ್ಥೆಗೆ ಸೇರಿದ ‘ಜಂಪ್‌ಷಾಟ್’ ಎಂಬ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದುವು! ಗುಲ್ಲೆದ್ದೊಡನೆ ಆ ಅಂಗಡಿಯನ್ನು ಮುಚ್ಚಲಾಯಿತು. ಈ ವ್ಯಾಪಾರ 2014ರಿಂದಲೂ ನಡೆದಿತ್ತೆಂದೂ, ಕೊಂಡವರು ನೂರಕ್ಕೂ ಹೆಚ್ಚೆಂದೂ ಅಮೆರಿಕದ ವಾಣಿಜ್ಯ ಆಯೋಗ ಆರೋಪಿಸಿತು. 2024ರಲ್ಲಿ 1 ಕೋಟಿ 65 ಲಕ್ಷ ಡಾಲರುಗಳನ್ನು ತೆರುವಂತೆ ಮಾಡಿ, ಜಾಹೀರಾತಿಗಾಗಿ ಇಂಥ ವಿವರಗಳನ್ನು ಮಾರಕೂಡದೆಂದು ನಿರ್ಬಂಧ ಹಾಕಿತು.

ಒಬ್ಬ ಮನುಷ್ಯನು ಯಾವ ಕಾಯಿಲೆಯ ವಿಷಯ ಹುಡುಕಿದ, ಯಾವ ದೇವರನ್ನು ನಂಬುತ್ತಾನೆ, ಎಷ್ಟು ಸಾಲದಲ್ಲಿದ್ದಾನೆ ಎಂಬುದೆಲ್ಲ ಅವನು ನೋಡುವ ಪುಟಗಳಿಂದ ತಿಳಿದುಬರುತ್ತದೆ. ಆದ್ದರಿಂದ ಪುಕ್ಕಟೆ ತಂತ್ರಾಂಶವನ್ನು ಆರಿಸುವಾಗ ‘ಇದು ಎಷ್ಟು ವೈರಸ್ಸುಗಳನ್ನು ಹಿಡಿಯುತ್ತದೆ’ ಎಂದು ಕೇಳಿದರೆ ಸಾಲದು. ‘ಇದನ್ನು ಕೊಟ್ಟವನ ಹೊಟ್ಟೆ ತುಂಬುವುದು ಹೇಗೆ’ ಎಂದೂ ಕೇಳಬೇಕು. ಕೆಲವರು ರುಚಿ ತೋರಿಸಿ ಮುಂದೆ ಹಣದ ಆವೃತ್ತಿಯನ್ನು ಮಾರುತ್ತಾರೆ; ಅದರಲ್ಲಿ ತಪ್ಪೇನೂ ಇಲ್ಲ. ಕೆಲವರು ತಮ್ಮ ಮುಖ್ಯ ಸರಕಿನ ಹೆಸರು ಕೆಡದಿರಲೆಂದು ಕಾವಲನ್ನೂ ಜೊತೆಗೂಡಿಸುತ್ತಾರೆ. ಇವೆರಡೂ ಕಾಣದಿದ್ದಲ್ಲಿ ಮಾತ್ರ ಮಾರಾಟದ ಸರಕು ಬಳಕೆದಾರನೇ ಇರಬಹುದೆಂದು ಎಚ್ಚರಗೊಳ್ಳಬೇಕು.

ಆಯ್ಕೆಯ ದಾರಿ

ವಿಂಡೋಸ್ ಇರುವ ಮನೆಗೆ ಹುಡುಕಾಟ ಅಷ್ಟು ಕಷ್ಟವಲ್ಲ. ಮೈಕ್ರೋಸಾಫ್ಟಿನ ಡಿಫೆಂಡರ್ 2006ರಲ್ಲಿ ಕೇವಲ ಗೂಢಚಾರರನ್ನು ಹಿಡಿಯಲು ಹುಟ್ಟಿದ್ದು. 2012ರ ವಿಂಡೋಸ್ 8ರಿಂದ ವೈರಸ್ಸುಗಳ ಕಾವಲನ್ನೂ ಹೊತ್ತು ವಿಂಡೋಸಿನೊಳಗೇ ಬರುತ್ತಿದೆ. ಆರಂಭದಲ್ಲಿ ಅದರ ಶಕ್ತಿ ಸಾಧಾರಣವೆನಿಸಿದ್ದರೂ, ಈಚಿನ ವರ್ಷಗಳಲ್ಲಿ ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯದ ಎವಿ-ಕಂಪೇರೆಟಿವ್ಸ್ ಮೊದಲಾದ ಸ್ವತಂತ್ರ ಪರೀಕ್ಷಾಲಯಗಳಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದಿದೆ. ಬಹುಪಾಲು ಸಂಸಾರಗಳಿಗೆ ಇದೇ ಸಾಕು. ಸಂಶಯ ಬಂದಾಗ ಎರಡನೆಯ ಅಭಿಪ್ರಾಯ ಕೇಳಲು ಮಾಲ್‌ವೇರ್‌ಬೈಟ್ಸ್‌ನಂಥ ತಂತ್ರಾಂಶಗಳ ಪುಕ್ಕಟೆ ಆವೃತ್ತಿಯುಂಟು; ಅದು ಕರೆದಾಗ ಮಾತ್ರ ಬಂದು ಶೋಧಿಸಿ ಹೋಗುವ ವೈದ್ಯನಂತೆ. ಭಾರತ ಸರ್ಕಾರವೂ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ತೆರೆದು ಇಂಥ ಶೋಧಕಗಳನ್ನು ಉಚಿತವಾಗಿ ಒದಗಿಸುತ್ತಿದೆ.

ಆದರೆ ಭಯದಿಂದ ಎರಡು ಮೂರು ಕಾವಲುಗಾರರನ್ನು ಏಕಕಾಲಕ್ಕೆ ನಿಲ್ಲಿಸುವುದು ಜಾಣತನವಲ್ಲ. ಒಂದೇ ಕಡತವನ್ನು ಎಲ್ಲರೂ ಹಿಡಿದೆಳೆಯುವುದರಿಂದ ಯಂತ್ರ ಕುಂಟುತ್ತದೆ; ಒಬ್ಬನು ಇನ್ನೊಬ್ಬನನ್ನೇ ಕಳ್ಳನೆಂದು ಭ್ರಮಿಸುವುದೂ ಉಂಟು.

ಇನ್ನು ಕೆಲವರು ಕಾವಲುಗಾರನ ವೇಷ ತೊಟ್ಟ ಕಳ್ಳರು. ಯಾವುದೋ ಪುಟ ನೋಡುತ್ತಿರುವಾಗ ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ’ ಎಂಬ ಕೆಂಪಕ್ಷರದ ಫಲಕ ಎದ್ದು ನಿಂತರೆ, ಅದು ಮೋಸವೆಂದೇ ತಿಳಿಯತಕ್ಕದ್ದು. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿಯ ಸಂಖ್ಯೆ ಇರುವುದಿಲ್ಲ. ಮನೆಯಲ್ಲಿರುವ ವೃದ್ಧರಿಗೆ ಈ ಒಂದು ಮಾತನ್ನು ಹೇಳಿಕೊಡುವುದು ಯಾವ ತಂತ್ರಾಂಶಕ್ಕಿಂತಲೂ ಉಪಯುಕ್ತ. ಅಕಸ್ಮಾತ್ ಹಣ ಹೋದರೆ, ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಬೇಕು.

ಕಾವಲಿಗೂ ಮಿತಿಯುಂಟು

2017ರ ಮೇ ತಿಂಗಳಲ್ಲಿ ‘ವಾನ್ನಕ್ರೈ’ ಎಂಬ ಪೀಡೆ ಸುಮಾರು 150 ದೇಶಗಳಲ್ಲಿ ಕಡತಗಳಿಗೆಲ್ಲ ಬೀಗ ಜಡಿದು ಬಿಡುಗಡೆಯ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದುವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿಯಲ್ಲಿಯೇ ಹೊರಡಿಸಿತ್ತು. ಹಾಕಿಕೊಂಡವರು ಉಳಿದರು, ಉದಾಸೀನ ಮಾಡಿದವರು ಸಿಕ್ಕಿಬಿದ್ದರು. ಗೋಡೆಯೇ ಬಿರುಕು ಬಿಟ್ಟಿದ್ದರೆ ಬಾಗಿಲಿನ ಕಾವಲುಗಾರನು ಏನು ಮಾಡಿಯಾನು? ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ನಿಂತುಹೋದ ಕಾರಣ, ಹಳೆಯ ಯಂತ್ರಗಳುಳ್ಳವರು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ಉಳಿಸಿ, ಅದನ್ನು ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡುವ ಅಭ್ಯಾಸವೂ ಅಷ್ಟೇ ಅಗತ್ಯ.

ಮನೆಗೆ ಕೆಲಸದವರನ್ನು ಸೇರಿಸಿಕೊಳ್ಳುವಾಗ ಊರು, ಕೇರಿ, ಹಿಂದೆ ದುಡಿದ ಮನೆ ಎಲ್ಲವನ್ನೂ ವಿಚಾರಿಸುವುದು ನಮ್ಮ ಗೃಹಿಣಿಯರ ಹಳೆಯ ರೂಢಿ. ಎಲ್ಲ ಕೋಣೆಗಳ ಬೀಗದ ಕೈ ಪಡೆಯುವ ಈ ಹೊಸ ಕೆಲಸದವನ ವಿಷಯದಲ್ಲಿಯೂ ಅದೇ ವಿವೇಕ ಸಲ್ಲುತ್ತದೆ.